ಅರ್ಧಕ್ಕೆ ನಿಂತ್ರೆ ಅಂತ ಕೇಳಿದ್ದೀಯಲ್ಲ

ಚಿಂತಾಮಣಿ
ಭಾನುವಾರ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಹಿತ್ತಲ ಕಡೆ ನೀನು ನೆಲಕ್ಕೆ ಟೈಲ್ಸ್ ಹಾಕಿಸ್ಬೇಕು ಅಂತಿರೋ ಆ ರೂಮು ಯಾಕೆ, ಯಾರಿಗೆ ಅನ್ನೋದೆಲ್ಲ ನಮಗೆ ಗೊತ್ತಿರೋದೇ, ಬಿಡು. ಕಾಗದದ ಕೊನೇಲಿ ಒಂದು ಸಾಲು ಬರೆದಿದ್ದೀಯ: "ಅರ್ಧ ಹಾಕಿದ ಮೇಲೆ ಟೈಲ್ಸ್ ಮುಗಿದು, ಅದೇ ಬಣ್ಣ ಸಿಗದೇ ಹೋದ್ರೆ ಏನ್ ಮಾಡ್ಲಿ ದೊಡ್ಡಪ್ಪ?" ರಾತ್ರಿಯೆಲ್ಲ ಅದೇ ಸಾಲು ಕಾಡಿತು. ಹೆದರಿಕೆ ಸುಳ್ಳಲ್ಲ ಕಣಮ್ಮ. ನಮ್ಮ ಹಾಲಿನಲ್ಲಿ ಬೀರುವಿನ ಕೆಳಗೆ ಮೂರು ಟೈಲ್ಸ್ ಬಣ್ಣ ಬೇರೆ ಇದೆ, ಯಾರೂ ನೋಡಿಲ್ಲ. ಬೀರು ಅಲ್ಲಿಂದ ಕದಲದೇ ಇರೋದಕ್ಕೆ ಅದೇ ಕಾರಣ.

ನಿನ್ನ ಲೆಕ್ಕ ನೋಡಿದೆ. 12ಕ್ಕೆ 11, 132 ಚದರಡಿ, ಅಡಿಗೆ 60 ರೂಪಾಯಿ, 7,920. ಗುಣಾಕಾರ ಸರಿಯಾಗೇ ಇದೆ. ನೆಲಕ್ಕೆ ಮಾತ್ರ ಆ ಲೆಕ್ಕ ಕೂರೋದಿಲ್ಲ.

ಎರಡಡಿಗೆ ಎರಡಡಿ ಅಂತ ಅಂಗಡೀಲಿ ಹೇಳ್ತಾರಲ್ಲ, ಅದು ನಿಜವಾಗಿ 600 ಎಂ.ಎಂ., ಎರಡಡಿಗೆ ಒಂದು ಚೂರು ಕಮ್ಮಿ. ಬಾಕ್ಸಿಗೆ ನಾಲ್ಕು ಟೈಲ್ಸ್, ಅಂದ್ರೆ 1.44 ಚದರ ಮೀಟರ್, ಹದಿನೈದೂವರೆ ಚದರಡಿ. ಬಾಯಿಮಾತಲ್ಲಿ 16 ಅಂತಾರೆ. ಅಲ್ಲೇ ಬಾಕ್ಸಿಗೆ ಅರ್ಧ ಅಡಿ ಹೋಯ್ತು.

ಅದಕ್ಕಿಂತ ದೊಡ್ಡದು ಗೋಡೆಯ ಲೆಕ್ಕ. 12 ಅಡಿ ಅಂತ ನೀನು ಬರೆದಿರೋದು ಪ್ಲಾನ್ ನೋಡಿಯೋ, ಟೇಪ್ ಹಿಡಿದೋ? ಪ್ಲಾನಿನ ಅಳತೆ ಸಾಮಾನ್ಯವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ. ಪ್ಲಾಸ್ಟರ್ ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ತಿಂದಿರುತ್ತೆ. ಅಂದ್ರೆ ಉಳಿಯೋದು 3,632 ಎಂ.ಎಂ. ಆರು ಟೈಲ್ಸ್, ಮಧ್ಯೆ 2 ಎಂ.ಎಂ. ಸಂದು ಐದು, ಸೇರಿ 3,610. ಗೋಡೆ ಪಕ್ಕ 11, 11 ಎಂ.ಎಂ. ಬಿಡುವು ಉಳಿಯುತ್ತೆ. ಗೋಡೆಯ ಬುಡಕ್ಕೆ ಸುತ್ತಲೂ ಹಾಕೋ ಪಟ್ಟಿ, ಅದೇ ಸ್ಕರ್ಟಿಂಗ್, ಆ ತುಂಡಿನ 9 ಎಂ.ಎಂ. ದಪ್ಪ, ಅದರ ಹಿಂದಿನ ಗಾರೆ ಸೇರಿದ್ರೆ ಅದು ಮುಚ್ಚಿಹೋಗುತ್ತೆ. ಸಾಲಿಗೆ ಆರು, ಒಂದೂ ಕೊಯ್ಯೋ ಹಾಗಿಲ್ಲ.

ಪ್ಲಾಸ್ಟರ್ ಆದ ಮೇಲೂ ಪೂರಾ 12 ಅಡಿ ಇದ್ರೆ ಕಥೆಯೇ ಬೇರೆ. ಆರು ಹಾಕಿದ ಮೇಲೆ ಎರಡಿಂಚೂ ಇಲ್ಲದ ಪಟ್ಟಿ ಉಳಿಯುತ್ತೆ. ಅಷ್ಟು ಸಣ್ಣ ತುಂಡು ಕೊಯ್ಯುವಾಗಲೇ ಸೀಳುತ್ತೆ, ಹಾಕಿದ್ರೂ ನೋಡೋಕೆ ಚೆನ್ನಾಗಿರಲ್ಲ. ತಿಳಿದ ಮೇಸ್ತ್ರಿ ಮಧ್ಯೆ ಐದು ಪೂರಾ ಇಟ್ಟು, ಎರಡೂ ಅಂಚಿಗೆ ಒಂದಡಿಗಿಂತ ಸ್ವಲ್ಪ ದೊಡ್ಡ ತುಂಡು ಹಾಕ್ತಾನೆ. ಅರ್ಧ ಟೈಲಿಗಿಂತ ದೊಡ್ಡದಾದ್ದರಿಂದ ಒಂದು ಟೈಲಿನಲ್ಲಿ ಒಂದೇ ತುಂಡು. ಸಾಲಿಗೆ ಏಳಾಯ್ತು.

11 ಅಡಿ ಕಡೆ ಎರಡು ರೀತಿಗೂ ಐದು ಪೂರಾ, ಒಂದು ತುಂಡು. ಹಾಗಾಗಿ ಮೊದಲ ಲೆಕ್ಕಕ್ಕೆ 36, ಎರಡನೇದಕ್ಕೆ 42. ಚದರಡಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಆರು ಟೈಲ್ಸ್. ನಿನ್ನ ಹೆದರಿಕೆ ಹುಟ್ಟೋದೇ ಇಲ್ಲಿ. ಅರ್ಧಕ್ಕೆ ಮುಗಿಯೋದು ಯಾರೋ ಕದ್ದು ಅಲ್ಲ, ಸಾಲು ಎಣಿಸದೇ ಚದರಡಿ ಲೆಕ್ಕದಲ್ಲಿ ತಂದಿದ್ದಕ್ಕೆ. ನಾನೂ ಎಣಿಸಿರಲಿಲ್ಲ, ಹೋಗಲಿ.

ಸ್ಕರ್ಟಿಂಗು ನಿನ್ನ ಪಟ್ಟೀಲಿ ಇಲ್ವೇ ಇಲ್ಲ. ಸುತ್ತಳತೆ 46 ಅಡಿ, ಬಾಗಿಲಿನ 3 ಕಳೆದ್ರೆ 43. ನಾಲ್ಕಿಂಚಿನ ಪಟ್ಟಿ ಒಂದು ಟೈಲಿಗೆ ಆರು ಬರುತ್ತೆ ಅಂತ ಮೇಸ್ತ್ರಿ ಹೇಳಬಹುದು. ಬ್ಲೇಡು ತಿನ್ನೋದನ್ನ ಸೇರಿಸಿದ್ರೆ ಐದು ಅಂತ ಹಿಡಿ. 42ರ ಲೆಕ್ಕದಲ್ಲಿ ಕೊಯ್ದು ಉಳಿದ ತುಂಡುಗಳಲ್ಲೇ ಸ್ಕರ್ಟಿಂಗ್ ಪೂರಾ ಆಗುತ್ತೆ. 36ರ ಲೆಕ್ಕದಲ್ಲಿ ತುಂಡಿನಿಂದ ಸುಮಾರು 24 ಅಡಿ ಬರುತ್ತೆ, ಮಿಕ್ಕಿದ್ದಕ್ಕೆ ಎರಡು ಟೈಲ್ಸ್ ಬೇಕು. ಒಡೆಯೋದಕ್ಕೆ ಎರಡು ಸೇರಿಸು. ಅಲ್ಲಿಗೆ 36ರ ಲೆಕ್ಕಕ್ಕೆ 10 ಬಾಕ್ಸ್, 42ರ ಲೆಕ್ಕಕ್ಕೆ 11. ಅದರ ಮೇಲೆ ಒಂದು ಬಾಕ್ಸ್ ಜಾಸ್ತಿ ತಾ. ಬಿಚ್ಚದ ಬಾಕ್ಸ್ ವಾಪಸ್ ತಗೋತೀವಿ ಅಂತ ಬಿಲ್ಲಿನ ಮೇಲೆ ಬರೆಸಿಕೋ. ಆದ್ರೂ ವಾಪಸ್ ಕೊಡಬೇಡ, ಮಂಚದ ಕೆಳಗೆ ನಿಲ್ಲಿಸಿಡು. ಮಲಗಿಸಬೇಡ, ಅಂಚಿನ ಮೇಲೆ ನಿಲ್ಲಿಸು.

ಬಣ್ಣದ ಮಾತು. ನಮ್ಮ ಕಡೆ ಬರೋ ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿಯದು. ಒಂದೇ ಡಿಸೈನು ಬೇರೆ ದಿನ ಸುಟ್ಟರೆ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸ ಇರುತ್ತೆ. ಆ ಸಲ ಸುಟ್ಟ ಸರಕು ಖಾಲಿಯಾದ್ರೆ ಮತ್ತೆ ಸಿಗಲ್ಲ, ಹೆಸರು ಒಂದೇ ಇದ್ರೂ. ಬಾಕ್ಸಿನ ಪಕ್ಕದಲ್ಲಿ ಶೇಡ್ ನಂಬರು, ಬ್ಯಾಚ್ ನಂಬರು ಅಚ್ಚಾಗಿರುತ್ತೆ. ಗಾಡಿಗೆ ಏರಿಸುವಾಗ ಹನ್ನೊಂದೋ ಹನ್ನೆರಡೋ, ಎಲ್ಲದರ ಮೇಲೂ ಅದು ಒಂದೇನಾ ಅಂತ ನೀನೇ ಓದು. ಅಂಗಡಿಯವರಿಗೆ ಬಿಡಬೇಡ. ಬೇಸರ ಮಾಡ್ಕೋಬೇಡ, ಹೇಳಲೇಬೇಕಿತ್ತು. ಟೈಲಿನ ಹಿಂದೆ ಬಾಣದ ಗುರುತಿದ್ರೆ ಎಲ್ಲಾ ಒಂದೇ ದಿಕ್ಕಿಗೆ ಹಾಕಿಸು. ಹೊಳೆಯೋದು ಬೇಡ, ಮ್ಯಾಟ್ ತಗೋ. ಕಾರಣ ನಿನಗೇ ಗೊತ್ತು.

ಈಗ ದುಡ್ಡು. 12 ಬಾಕ್ಸ್ ಅಂದ್ರೆ 186 ಚದರಡಿ, 60ರಂತೆ 11,160. ಅಂಗಡೀಲಿ ಹೇಳಿದ ರೇಟು ಜಿಎಸ್‌ಟಿ ಸೇರಿಯಾ, ಬಿಟ್ಟಾ, ಕೇಳಿದ್ದೀಯಾ? ಬಿಟ್ಟಾದ್ರೆ 18 ಪರ್ಸೆಂಟ್ ಸೇರಿ 13,169. ನಿನ್ನ 7,920 ಎಲ್ಲಿ, ಇದೆಲ್ಲಿ. ಗಾಬರಿ ಆಗ್ಬೇಡ, ಈಗಲೇ ಗೊತ್ತಾಗಿದ್ದು ಒಳ್ಳೇದು.

ಕೆಳಗೆ ಗಾರೆ ಒಂದೂವರೆ ಇಂಚು, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಕಲಸು ಅಂತ ಹಿಡಿದೆ. ಸಿಮೆಂಟು ಎರಡೂವರೆ ಚೀಲ, ಟೈಲಿನ ಕೆಳಗೆ ಸುರಿಯೋ ನೀರು ಸಿಮೆಂಟಿನ ಹಾಲಿಗೆ ಹತ್ತಿರ ಹತ್ತಿರ ಒಂದು ಚೀಲ, ಒಟ್ಟು ನಾಲ್ಕು ತರಿಸು. ಎಂ-ಸ್ಯಾಂಡು, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು, 20 ಘನ ಅಡಿ. ಸಿಮೆಂಟ್ ಚೀಲದಲ್ಲಿ ತುಂಬಿದ್ರೆ 16 ಚೀಲ. ಇದು ನೆಲ ಮಟ್ಟವಾಗಿದ್ರೆ ಮಾತ್ರ. ಅರ್ಧ ಇಂಚು ತಗ್ಗಿದ್ರೂ ಇನ್ನೊಂದು ಚೀಲ ಸಿಮೆಂಟು, 6 ಘನ ಅಡಿ ಮರಳು ಹೆಚ್ಚು. ಪಾರದರ್ಶಕ ಪೈಪಿಗೆ ನೀರು ತುಂಬಿ ನಾಲ್ಕು ಮೂಲೆ ಮಟ್ಟ ನೋಡಿಸು, ಬರೀ ರಸಮಟ್ಟ ಅಷ್ಟು ಉದ್ದಕ್ಕೆ ಸಾಲದು. ಸಂದಿಗೆ ಗ್ರೌಟು 2 ಕೆ.ಜಿ. ಸಾಕು, ಮಾರನೇ ದಿನ ತುಂಬಿಸು.

ಕೂಲಿ ಅಡಿಗೆ 30 ಅಂತ ಹಿಡಿದ್ರೆ 3,960. ಸ್ಕರ್ಟಿಂಗ್ ಬೇರೆ, ಅದು ಉದ್ದದ ಅಡಿ ಲೆಕ್ಕ. 20 ಅಂದ್ರೆ 860. ಸಿಮೆಂಟು, ಮರಳು, ಗ್ರೌಟು ಮೂರಕ್ಕೆ ಸುಮಾರು 3,100. ಬಾಡಿಗೆ, ಇಳಿಸೋ ಕೂಲಿ, ಎಲ್ಲಾ ಸೇರಿ 23,000 ಇಟ್ಕೋ. ರೇಟು ನಿಮ್ಮ ಕೋಲಾರದಲ್ಲಿ ವಿಚಾರಿಸಿ ತಿದ್ದಿಕೋ, ನಾನು ಅಂದಾಜಿಗೆ ಹಾಕಿರೋದು. ಕಮ್ಮಿ ಬಿದ್ರೆ ಬರೆ, ಸಂಕೋಚ ಬೇಡ.

ಇನ್ನೊಂದು, ವಿಟ್ರಿಫೈಡ್ ಟೈಲ್ಸು, ಅಂದ್ರೆ ಗಾಜಿನಂತೆ ಗಟ್ಟಿಯಾಗೋ ಹಾಗೆ ಸುಟ್ಟದ್ದು, ನೀರು ಹೆಚ್ಚು ಕುಡಿಯಲ್ಲ, ಅದಕ್ಕೇ ಸಿಮೆಂಟು ಸಲೀಸಾಗಿ ಹಿಡಿಯಲ್ಲ. ಹಾಲು ಮೂಲೆಮೂಲೆಗೂ ಹರಡಿಸು, ಗೊಂಚಲು ಗೊಂಚಲಾಗಿ ಇಡಲು ಬಿಡಬೇಡ. ಮಾರನೇ ದಿನ ನಾಣ್ಯದಲ್ಲಿ ತಟ್ಟಿ ನೋಡು. ಟೊಳ್ಳು ಸದ್ದು ಬಂದದ್ದನ್ನ ಆಗಲೇ ತೆಗೆಸು.

ಮತ್ತೆ ಅದೇ ಮಾತಿಗೆ ಬರ್ತೀನಿ. ಟೈಲ್ಸ್ ತರೋ ಮುಂಚೆ ಟೇಪ್ ಹಿಡಿದು ಉದ್ದ ಮೂರು ಕಡೆ, ಅಗಲ ಮೂರು ಕಡೆ ಅಳೆದು ಎಂ.ಎಂ.ನಲ್ಲಿ ಬರೆದು ಕಳಿಸು. ಮೂಲೆಯಿಂದ ಮೂಲೆಗೂ ಅಳೆ. ಎರಡೂ ಒಂದೇ ಬರಬೇಕು, ಪೂರಾ 12ಕ್ಕೆ 11 ಆದ್ರೆ 16 ಅಡಿ 3 ಇಂಚು ಚಿಲ್ಲರೆ. ಎರಡಕ್ಕೂ ಒಂದಿಂಚು ವ್ಯತ್ಯಾಸ ಬಂದ್ರೆ ನನ್ನ ಈ ಎಣಿಕೆಯೆಲ್ಲ ಮತ್ತೆ ಮಾಡಬೇಕು. ಬಾಗಿಲು ಯಾವ ಗೋಡೇಲಿ ಬರುತ್ತೆ ಅನ್ನೋದನ್ನೂ ನೀನು ಬರೆದೇ ಇಲ್ಲ. ಒಳಗೆ ಕಾಲಿಟ್ಟ ತಕ್ಷಣ ಕಾಣೋ ಸಾಲು ಪೂರಾ ಟೈಲ್ಸೇ ಇರಬೇಕು, ತುಂಡು ಎದುರಿನ ಗೋಡೆ ಕಡೆ ಹೋಗಬೇಕು. ಅದನ್ನ ಬರೆ.

ನಿನ್ನ ದೊಡ್ಡಪ್ಪ