ಠಾಣೆಯ ಕ್ಯಾಮೆರಾ: ಎಲ್ಲರೂ ಓದಿ

ಅಂಗಡಿ ಗೆಳೆಯರೇ, 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲಿ ಹೊಡೆತ ತಿಂದ ಅಪ್ಪ, ಮಗ ಇಬ್ಬರೂ ತೀರಿಕೊಂಡರು. ಲಾಕ್‌ಡೌನ್ ಹೊತ್ತಲ್ಲಿ ಅಂಗಡಿ ತೆರೆದಿಟ್ಟಿದ್ದರು ಅನ್ನೋದು ಅವರ ಮೇಲಿದ್ದ ದೂರು. ಠಾಣೆಯಲ್ಲಿ ಕ್ಯಾಮೆರಾ ಇತ್ತು, ಹಾರ್ಡ್ ಡಿಸ್ಕಿನಲ್ಲಿ ಜಾಗವೂ ಇತ್ತು. ಆದರೆ ದಿನದ ದೃಶ್ಯ ಅವತ್ತೇ ಅಳಿಸಿಹೋಗುವಂತೆ ಸೆಟ್ ಮಾಡಿಟ್ಟಿದ್ದರು ಎಂದು ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟ್ ವರದಿ ಕೊಟ್ಟರು. ನಮ್ಮಂಥವರು ಹೀಗೆ ಸಾಕ್ಷಿ ಅಳಿಸಿದ್ದರೆ ಸುಮ್ನೆ ಬಿಡ್ತಿದ್ದರಾ?

ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಪ್ರತಿ ಠಾಣೆಯ ಲಾಕಪ್, ಕಾರಿಡಾರಿನಲ್ಲೂ ಧ್ವನಿ ಸಮೇತ ದಾಖಲಾಗಬೇಕು, 18 ತಿಂಗಳು ಉಳಿಯಬೇಕು, ಅಷ್ಟು ಆಗದಿದ್ದರೆ ಕಡಿಮೆ ಅಂದರೂ ಒಂದು ವರ್ಷ. ಯಾರಿಗಾದರೂ ಠಾಣೆಯಲ್ಲಿ ಏಟು ಬಿದ್ದರೆ ದಿನ, ಗಂಟೆ ಬರೆದಿಡಿ. ಆ ದೃಶ್ಯ ತರಿಸಿಕೊಳ್ಳಿ ಎಂದು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ತಕ್ಷಣ ದೂರು ಕೊಡಿ. ಬರೆದುಕೊಡೋಕೆ ನಾನಿದ್ದೇನೆ, ರಾತ್ರಿಯಾದರೂ ಕರೆ ಮಾಡಿ.