ಮಡಚಿಟ್ಟ ಕೊಪ್ಪೆ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಅಂಗಳದ ಪಾಚಿ ಇನ್ನೂ ಜಾರುತ್ತದೆ. ಅಪ್ಪ ಬೆಳಿಗ್ಗೆಯಿಂದ ತೋಟದಲ್ಲೇ ಇದ್ದಾರೆ, ಮುರಿದ ಸಿಲ್ವರ್ ಮರದ ಕೊಂಬೆ ತೆಗೆಸುತ್ತಿದ್ದಾರೆ. ನಾನು ಸುಂಟಿಕೊಪ್ಪಕ್ಕೆ ಹೋಗಿ ಗೆರೆ ಹಾಕಿದ ಹಾಳೆ ತಂದು ಬರೆಯಲು ಕೂತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಸತ್ತವರಿಗೆ ಪದಕ ಕೊಟ್ಟರೆ ಅವರಿಗೆ ಗೊತ್ತಾಗುತ್ತಾ ಅಮ್ಮಾ, ಯಾಕೆ ಇಷ್ಟೆಲ್ಲ ಓಡಾಡ್ತೀಯ" ಅಂತ. ಆಗ ನನಗೆ ಉತ್ತರ ಬರಲಿಲ್ಲ. ಬರೆದರೆ ಬರುತ್ತದೆ ಅನ್ನಿಸಿತು.

ಆ ಕೂಲಿ ಹುಡುಗ ತೀರಿಕೊಂಡ ಸಂಜೆ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ನಾನು ಪೇಟೆಯಿಂದ ನಡೆದು ಬರುತ್ತಿದ್ದೆ. ತೋಡು ಕೆಂಪು ನೀರು ತುಂಬಿ ಭೋರ್ ಅಂತ ಹರಿಯುತ್ತಿತ್ತು. ಶಾಲೆಯಿಂದ ಬರುತ್ತಿದ್ದ ಇಬ್ಬರು ಮಕ್ಕಳು ಕಾಲುಸಂಕದ ನಡುವೆ ಸಿಕ್ಕಿಕೊಂಡಿದ್ದರು. ಅವರ ಹಿಂದಿನ ಸಂಕದ ಮರ ಕಿತ್ತು ಹೋಗಿತ್ತು, ಮುಂದಿನದು ಅಲ್ಲಾಡುತ್ತಿತ್ತು. ಹುಡುಗಿ ಕಂಬ ತಬ್ಬಿಕೊಂಡಿದ್ದಳು. ಹುಡುಗ ಅವಳ ಬ್ಯಾಗ್ ಹಿಡಿದುಕೊಂಡಿದ್ದ. ನಾನು ದಡದಲ್ಲಿ ನಿಂತು ಕೂಗಿದೆ. ಅಷ್ಟೇ ನನ್ನಿಂದ ಆದದ್ದು.

ತೋಟದ ಕೂಲಿಯವರ ಲೈನ್‌ಮನೆ ಕಡೆಯಿಂದ ಅವನು ಬಂದ. ನಿನಗೆ ಗೊತ್ತು ಅವನು. ಹೋದ ವರ್ಷ ನಮ್ಮಲ್ಲಿ ಏಣಿ ಹತ್ತಿ ಕರಿಮೆಣಸು ಕೊಯ್ದುಕೊಟ್ಟನಲ್ಲ, ಕಡಿಮೆ ಮಾತಿನ ಹುಡುಗ. ಓಡಿ ಬಂದವನು ನೀರು ನೋಡಿದ, ಮೇಲೆ ಕೆಳಗೆ ಎರಡು ಸಲ ನೋಡಿದ. ತಲೆ ಮೇಲಿದ್ದ ಪ್ಲಾಸ್ಟಿಕ್ ಕೊಪ್ಪೆ ತೆಗೆದು ನಾಲ್ಕು ಮಡಿಕೆ ಮಾಡಿದ. ಬೇಲಿ ಬುಡದಲ್ಲಿ ಇಟ್ಟ. ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು ಇಟ್ಟ. ಆಮೇಲೆ ಇಳಿದ.

ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಕೈಗೆ ಕೊಟ್ಟ. ಒಂದು ನಿಮಿಷವೂ ನಿಲ್ಲಲಿಲ್ಲ, ಮತ್ತೆ ಹೋದ. ಹುಡುಗನನ್ನು ದಡಕ್ಕೆ ತಳ್ಳಿದ, ನಾನು ಅಂಗಿ ಹಿಡಿದು ಎಳೆದುಕೊಂಡೆ. ಅಷ್ಟರಲ್ಲಿ ಮೇಲಿಂದ ತೇಲಿ ಬಂದ ದಿಮ್ಮಿ ಅವನಿಗೆ ಬಡಿಯಿತು. ಮರುದಿನ ಮಧ್ಯಾಹ್ನ ಕೆಳಗೆ ಬಿದಿರು ಮೆಳೆಯ ಹತ್ತಿರ ಸಿಕ್ಕಿದ.

ಪೇಪರಿನಲ್ಲಿ ನಾಲ್ಕು ಸಾಲು ಬಂತು. "ಕಾಲು ಜಾರಿ ಕಾರ್ಮಿಕ ನೀರುಪಾಲು." ನಾನು ಓದಿ ಮಡಚಿಟ್ಟೆ. ಆಗಲೇ ಎದ್ದು ಹೋಗಿ ತಪ್ಪು ಅಂತ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನನ್ನು ಕೊರೆಯುತ್ತಿದೆ ಪುಟ್ಟಿ. ಅವನು ಜಾರಿ ಬೀಳಲಿಲ್ಲ. ತಾನಾಗಿ ಇಳಿದ.

ಮಡಿಕೇರಿಯಲ್ಲಿ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ಇದೆಯಲ್ಲ, ನೀನು ಕಾಲೇಜಿಗೆ ಹೋಗುವಾಗ ದಿನಾ ದಾಟಿದ್ದು. ಅವರ ಕಥೆ ಒಮ್ಮೆ ನೆನೆಸಿಕೋ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದ ವಿಮಾನಗಳ ಜೊತೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದು ಬೀಳಿಸಿದ್ದರು. ಆದರೆ ನಮ್ಮ ಕಡೆ ಅದನ್ನು ಕಂಡವರೇ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರ ಬರೆದಾಗ ವಿಷಯ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಸಮವಸ್ತ್ರ ಹಾಕಿದವರಿಗೇ ಹೀಗಾದರೆ, ಲೈನ್‌ಮನೆಯ ಕೂಲಿಯವನಿಗೆ ಯಾರು ಬರೆಯುತ್ತಾರೆ ಹೇಳು.

ನೀರಜಾ ಭನೋಟ್ ಬಗ್ಗೆ ನಿನಗೆ ಗೊತ್ತು. 1986ರ ಸೆಪ್ಟೆಂಬರ್ 5, ಕರಾಚಿಯಲ್ಲಿ ಅಪಹರಣವಾದ ಪ್ಯಾನ್ ಆಮ್ ವಿಮಾನ. ಇನ್ನೆರಡು ದಿನ ಕಳೆದಿದ್ದರೆ ಅವಳಿಗೆ 23 ತುಂಬುತ್ತಿತ್ತು. ಅವಳು ಸೈನಿಕಳಲ್ಲ, ಗಗನಸಖಿ. ಪ್ರಯಾಣಿಕರನ್ನು ಹೊರಗೆ ಕಳಿಸುತ್ತಾ ತಾನು ಗುಂಡಿಗೆ ಬಲಿಯಾದಳು. ಅಶೋಕ ಚಕ್ರ ಕೊಟ್ಟರು. ಆ ವಿಮಾನದಿಂದ ಬದುಕಿ ಬಂದವರು ನೂರಾರು ಮಂದಿ, ಅವರು ಬಾಯಿಬಿಟ್ಟು ಹೇಳಿದರು. ನಮ್ಮ ತೋಡಿನ ದಡದಲ್ಲಿ ಇದ್ದದ್ದು ಇಬ್ಬರು ಮಕ್ಕಳು ಮತ್ತು ನಾನು.

2018ರ ಆಗಸ್ಟ್ ನೆನಪಿದೆಯಾ? ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಅಕ್ಕಪಕ್ಕದವರೇ ಮುದುಕರನ್ನು ಹೊತ್ತು ತಂದರು. ಅದರಲ್ಲಿ ಎಷ್ಟು ಜನರ ಹೆಸರು ಎಲ್ಲಾದರೂ ಬರೆದಿದೆ?

ಜೀವ ಉಳಿಸಿದವರಿಗೆ ಅಂತಲೇ ಜೀವನ್ ರಕ್ಷಾ ಪದಕ ಇದೆ. 1961ರಿಂದ ಕೊಡುತ್ತಿದ್ದಾರೆ. ಸರ್ವೋತ್ತಮ, ಉತ್ತಮ, ಮತ್ತೆ ಬರೀ ಜೀವನ್ ರಕ್ಷಾ ಪದಕ, ಹೀಗೆ ಮೂರು ದರ್ಜೆ. ನೀರಿನಲ್ಲಿ ಮುಳುಗುವವರನ್ನು, ಬೆಂಕಿಯಲ್ಲಿ, ಭೂಕುಸಿತದಲ್ಲಿ ಸಿಕ್ಕವರನ್ನು ಕಾಪಾಡಿದವರಿಗೆ ಸಿಗುತ್ತದೆ. ಕಾಪಾಡುವಾಗ ತೀರಿಕೊಂಡವರಿಗೂ ಕೊಡುತ್ತಾರೆ, ಮನೆಯವರು ತಗೊಳ್ಳುತ್ತಾರೆ. ಕೂಲಿಯವನೋ ಸಾಹುಕಾರನೋ ಅಂತ ನೋಡುವುದಿಲ್ಲ. ರಾಜ್ಯ ಸರ್ಕಾರದಿಂದ ಶಿಫಾರಸು ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು, ಕೊನೆಗೆ ರಾಷ್ಟ್ರಪತಿಗಳ ಒಪ್ಪಿಗೆ ಆಗಬೇಕು. ಪದಕದ ಮೇಲೆ ಅಭಯ ಹಸ್ತ ಇರುತ್ತದೆ, ಮೇಲೆ "ಮಾ ಭೈಷೀಃ" ಅಂತ ಬರೆದಿರುತ್ತದೆ. ಹೆದರಬೇಡ ಅಂತ ಅರ್ಥ. ಅದನ್ನು ಓದಿದಾಗ ನನಗೆ ಕಂಬ ತಬ್ಬಿಕೊಂಡಿದ್ದ ಆ ಹುಡುಗಿಯ ಕಡೆ ಅವನು ಚಾಚಿದ ಕೈ ಕಣ್ಣೆದುರು ಬಂತು.

ಅವನಿಗೆ ಗೊತ್ತಾಗುವುದಿಲ್ಲ, ನೀನು ಹೇಳಿದ್ದು ನಿಜ. ಆದರೆ ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ನಿನ್ನೆ ಹೋಗಿದ್ದೆ ಅವರ ಮನೆಗೆ. ಅವನ ಹೆಂಡತಿ ಬಿಗಿ ಹಿಡಿದ ಡ್ರಾಯರ್ ಎಳೆದು ಆಧಾರ್ ಕಾರ್ಡು, ಮರಣ ಪತ್ರ ಎಲ್ಲ ತೆಗೆದುಕೊಟ್ಟಳು. ಮಗು ಬಾಗಿಲಲ್ಲಿ ನಿಂತು, "ನನ್ನ ಅಪ್ಪ ತೋಡಿಗೆ ಬಿದ್ದದ್ದು" ಅಂತ ನನಗೆ ಹೇಳಿತು. ಯಾರೋ ಹೇಳಿಕೊಟ್ಟ ಮಾತು. ಪೇಪರಿನ ಮಾತು. ಆ ಮಗು ಇದೇ ಮಾತು ಹೇಳಿಕೊಂಡು ದೊಡ್ಡದಾಗುವುದು ನನಗೆ ಸಹಿಸಲು ಆಗುವುದಿಲ್ಲ.

ಅದಕ್ಕೇ ಈ ಓಡಾಟ. ಒಂದು ಕಚೇರಿಯಲ್ಲಿ "ಮಹಜರಿನಲ್ಲಿ ಕಾಲು ಜಾರಿ ಅಂತಲೇ ಇದೆಯಲ್ಲ ಮೇಡಂ" ಅಂದರು. ಇನ್ನೊಂದು ಕಡೆ, ಕಣ್ಣಾರೆ ಕಂಡವರ ಹೇಳಿಕೆ ಸರಿಯಾಗಿ ಬರೆದು ಕೊಡಿ, ಮುಂದೆ ಕಳಿಸೋಣ ಅಂದರು. ಆ ಎರಡು ಮಕ್ಕಳ ಅಪ್ಪ ಅಮ್ಮಂದಿರೂ ಸಹಿ ಹಾಕುತ್ತಾರೆ. ಹುಡುಗಿ ತಾನೂ ಬರೆಯುತ್ತೇನೆ ಅಂತ ಪೆನ್ಸಿಲಿನಲ್ಲಿ ಅರ್ಧ ಪುಟ ಬರೆದುಕೊಟ್ಟಿದ್ದಾಳೆ.

ನನ್ನ ಹೇಳಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ, ಮೂರು ಪುಟ. ನಿನ್ನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಕಳಿಸು. ಅವನ ಹೆಸರು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಇರಲಿ, ಒಂದು ಅಕ್ಷರವೂ ಹೆಚ್ಚುಕಡಿಮೆ ಆಗಬಾರದು. ನನ್ನ ಭಾಷೆ ಎಲ್ಲಿಯಾದರೂ ಎಳೆದಾಡಿದೆ ಅನ್ನಿಸಿದರೆ ಸರಿ ಮಾಡು. ಆದರೆ ಕೊಪ್ಪೆ ಮಡಚಿ ಕಲ್ಲು ಇಟ್ಟ ಸಾಲುಗಳನ್ನು ಮಾತ್ರ ಮುಟ್ಟಬೇಡ. ಕಾಲು ಜಾರಿ ಬೀಳುವವನು ಕೊಪ್ಪೆ ಮಡಚಿ ಇಡುವುದಿಲ್ಲ.

ಊಟ ಸರಿಯಾಗಿ ಮಾಡು.

ಇತಿ,
ನಿನ್ನ ಅಮ್ಮ