ಹಿರಿಯರನ್ನು ಹಲ್ಲು ಕ್ಲೀನಿಂಗಿಗೆ ಕರೆದೊಯ್ಯುವವರಿಗೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಾರ್ಟ್, ಶುಗರ್, ಕಿಡ್ನಿ ತೊಂದರೆ ಇರುವ ಹಿರಿಯರಿದ್ದರೆ ದಯವಿಟ್ಟು ಪೂರ್ತಿ ಓದಿ.

ಡೆಂಟಲ್ ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡುವವರು) ಬಾಯಿ ನೋಡುವ ಮೊದಲೇ ಮಾತ್ರೆಗಳ ಬಗ್ಗೆ ಕೇಳುತ್ತಾರೆ. "ಹಲ್ಲಿಗೂ ಬಿಪಿಗೂ ಏನು ಸಂಬಂಧ?" ಅನ್ನಬೇಡಿ. ಬಿಪಿಯ ಆಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡು ದಪ್ಪಗೆ ಬೆಳೆಯುವಂತೆ ಮಾಡುತ್ತವೆ. ಬಾಯಲ್ಲಿ ಹೇಳುವುದಕ್ಕಿಂತ ಡಾಕ್ಟರ್ ಚೀಟಿಯನ್ನೇ ಒಯ್ಯಿರಿ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಸಾಲನ್ನು ಇನ್ನೊಮ್ಮೆ ಓದಿ. ವಸಡಿನ ರಕ್ತವನ್ನು ಸಾಮಾನ್ಯವಾಗಿ ಗಾಜ್ ಒತ್ತಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಾಗಲ್ಲ. ಇಂಥದ್ದೇ ಮಾತ್ರೆಯಾದ ವಾರ್ಫರಿನ್ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಇತ್ತೀಚಿನ ಐಎನ್‌ಆರ್ ರಿಪೋರ್ಟ್ ಇಟ್ಟುಕೊಳ್ಳಿ.

ಕೃತಕ ಹೃದಯ ಕವಾಟ ಹಾಕಿಸಿಕೊಂಡವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಬೇಕು. ಅವರಿಗೆ ಕ್ಲೀನಿಂಗ್‌ಗೆ 30ರಿಂದ 60 ನಿಮಿಷ ಮುಂಚೆ ಆ್ಯಂಟಿಬಯಾಟಿಕ್ ಕೊಡುವುದುಂಟು, ವೈದ್ಯರು ಬರೆದುಕೊಟ್ಟರೆ ಮಾತ್ರ. ಕುರ್ಚಿಯಲ್ಲಿ ಕೂತ ಮೇಲೆ ನೆನಪಾದರೆ ಆ ದಿನದ ಓಡಾಟ ದಂಡ.

ಡಯಾಲಿಸಿಸ್ ಆದ ದಿನ ಬೇಡ, ಮರುದಿನ ಹೋಗಿ; ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧದ ಪ್ರಭಾವ ಅಷ್ಟರಲ್ಲಿ ಇಳಿದಿರುತ್ತದೆ. ಫಿಸ್ಟುಲಾ (ಡಯಾಲಿಸಿಸ್ ಮಾಡಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು ಎಂದು ಮೊದಲೇ ತಿಳಿಸಿ.

ಶುಗರ್ ಇರುವವರು ತಿಂಡಿ, ಮಾತ್ರೆ ಮುಗಿಸಿ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಉಪವಾಸದ ದಿನ ಬೇಡವೇ ಬೇಡ. ಆಸ್ತಮಾದವರು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಳ್ಳಿ. ಮಲಗಿದರೆ ಉಸಿರು ಕಟ್ಟುವವರಿಗೆ ಕುರ್ಚಿಯನ್ನು ಅರ್ಧವಷ್ಟೇ ವಾಲಿಸುತ್ತಾರೆ, ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು: ಮಾತ್ರೆ ಚೀಟಿಯ ಫೋಟೋ ಈ ಗುಂಪಿಗೆ ಹಾಕಬೇಡಿ, ಕ್ಲಿನಿಕ್‌ನಲ್ಲಿ ತೋರಿಸಿದರೆ ಸಾಕು.